ಪೌರಸಭೆಯ ಬಾಗಿಲಲ್ಲಿ ವರದಿಗಾರ

ಬ್ರಿಟನ್ನಿನ ಪೌರಸಭೆಗಳಿಗೂ ಪತ್ರಕರ್ತರಿಗೂ ನಡುವಿನ ಸಂಬಂಧಕ್ಕೆ ಸುಮಾರು ಇನ್ನೂರು ವರ್ಷಗಳ ಇತಿಹಾಸವಿದೆ. ಬೀದಿದೀಪ, ಚರಂಡಿ, ಕುಡಿಯುವ ನೀರು, ಶಾಲೆ, ಬಾಡಿಗೆ ಮನೆ, ಸ್ಮಶಾನ ಇಂಥ ದಿನನಿತ್ಯದ ಸಂಗತಿಗಳನ್ನು ನೋಡಿಕೊಳ್ಳುವ ಸಂಸ್ಥೆ ತನ್ನ ತೀರ್ಮಾನಗಳನ್ನು ಯಾರೆದುರು ತೆಗೆದುಕೊಳ್ಳಬೇಕು, ಅವುಗಳ ಬಗ್ಗೆ ಯಾರು ಕೇಳಿದರೆ ಉತ್ತರ ಕೊಡಬೇಕು ಎಂಬ ಪ್ರಶ್ನೆ ಈ ಇತಿಹಾಸದುದ್ದಕ್ಕೂ ಎದ್ದಿದೆ. ಇದರಲ್ಲಿ ಮೂರು ಬೇರೆಬೇರೆ ವಿಷಯಗಳು ಸೇರಿಕೊಂಡಿವೆ. ವರದಿಗಾರನನ್ನು ಸಭೆಗೆ ಬಿಡುವುದು ಒಂದು, ಕಾಗದಪತ್ರ ತೋರಿಸುವುದು ಇನ್ನೊಂದು, ಅವನ ಪ್ರಶ್ನೆಗೆ ಉತ್ತರ ಹೇಳುವುದು ಮತ್ತೊಂದು. ಮೊದಲ ಎರಡನ್ನು ಕಾನೂನು ತಡವಾಗಿಯಾದರೂ ಕೊಟ್ಟಿತು. ಮೂರನೆಯದನ್ನು ಊರಿನ ರೂಢಿಗೂ ಸಂಸ್ಥೆಯ ಮರ್ಜಿಗೂ ಬಿಟ್ಟಿತು.

1835ಕ್ಕೆ ಮುಂಚೆ ಇಂಗ್ಲೆಂಡ್ ಮತ್ತು ವೇಲ್ಸ್‌ನ ಬಹುಪಾಲು ಪಟ್ಟಣಗಳ ಆಡಳಿತ ಕೆಲವೇ ಮನೆತನಗಳ ಕೈಯಲ್ಲಿತ್ತು. ಒಬ್ಬ ಸದಸ್ಯ ಸತ್ತರೆ ಉಳಿದವರೇ ಸೇರಿ ಇನ್ನೊಬ್ಬನನ್ನು ಆರಿಸಿಕೊಳ್ಳುತ್ತಿದ್ದರು. ಊರಿನ ಜಮೀನು, ಮಾರುಕಟ್ಟೆಯ ಸುಂಕ, ದತ್ತಿಯ ಹಣ ಎಲ್ಲದರ ಲೆಕ್ಕವೂ ಅವರೊಳಗೇ ಇರುತ್ತಿತ್ತು. 1833ರಲ್ಲಿ ನೇಮಕವಾದ ಆಯೋಗದ ಸದಸ್ಯರು ಊರೂರಿಗೆ ಹೋಗಿ ಬಹಿರಂಗ ವಿಚಾರಣೆ ನಡೆಸಿದಾಗ ಈ ವ್ಯವಹಾರಗಳು ಬೆಳಕಿಗೆ ಬಂದವು. ಅದರ ಫಲವಾಗಿ ಬಂದ 1835ರ ಪೌರಾಡಳಿತ ಕಾಯ್ದೆ 178 ಪಟ್ಟಣಗಳಲ್ಲಿ ಹಳೆಯ ಮಂಡಳಿಗಳನ್ನು ತೆಗೆದುಹಾಕಿ, ತೆರಿಗೆ ಕೊಡುವವರು ಆರಿಸುವ ಕೌನ್ಸಿಲ್‌ಗಳನ್ನು ತಂದಿತು. ಲೆಕ್ಕಪರಿಶೋಧನೆ ಕಡ್ಡಾಯವಾಯಿತು. ಸಭೆಯ ನಡಾವಳಿ ಪುಸ್ತಕವನ್ನು ಮತದಾರ ನೋಡಬಹುದಿತ್ತು, ಅದಕ್ಕೆ ಒಂದು ಶಿಲ್ಲಿಂಗ್ ಶುಲ್ಕ. ಹೊಲದ ಕೂಲಿಯವನ ವಾರದ ಸಂಪಾದನೆಯೇ ಸುಮಾರು ಹತ್ತು ಶಿಲ್ಲಿಂಗ್ ಇದ್ದ ಕಾಲದಲ್ಲಿ ಅದು ಸಣ್ಣ ಮೊತ್ತವಲ್ಲ. ಸಭೆ ನಡೆಯುವಾಗ ಒಳಗೆ ಬಂದು ಕೂರುವ ಹಕ್ಕನ್ನು ಮಾತ್ರ ಕಾಯ್ದೆ ಯಾರಿಗೂ ಕೊಡಲಿಲ್ಲ. ಚುನಾಯಿತ ಸಂಸ್ಥೆ ಎಂದರೆ ತೆರೆದ ಸಂಸ್ಥೆ ಎಂಬ ಭಾವನೆ ಆಗಿನ್ನೂ ಬೇರೂರಿರಲಿಲ್ಲ.

ಬಾಗಿಲು ತೆರೆದದ್ದು ಪತ್ರಿಕೆಗಳ ಬೆಳವಣಿಗೆಯಿಂದ. 1853ರಲ್ಲಿ ಜಾಹೀರಾತಿನ ಮೇಲಿನ ತೆರಿಗೆ, 1855ರಲ್ಲಿ ಪತ್ರಿಕೆಗಳ ಮುದ್ರಾಂಕ ಶುಲ್ಕ, 1861ರಲ್ಲಿ ಕಾಗದದ ಮೇಲಿನ ಸುಂಕ ಹೀಗೆ ಒಂದೊಂದಾಗಿ ರದ್ದಾದವು. ಅಲ್ಲಿಯವರೆಗೆ ದುಬಾರಿಯಾಗಿದ್ದ ಪತ್ರಿಕೆ ಒಂದು ಪೆನ್ನಿಗೆ ಸಿಗತೊಡಗಿತು. ಮ್ಯಾಂಚೆಸ್ಟರ್ ಗಾರ್ಡಿಯನ್ 1855ರಲ್ಲಿ ದಿನಪತ್ರಿಕೆಯಾಯಿತು. ಅದೇ ವರ್ಷ ಶೆಫೀಲ್ಡ್ ಡೈಲಿ ಟೆಲಿಗ್ರಾಫ್, 1857ರಲ್ಲಿ ಬರ್ಮಿಂಗ್‌ಹ್ಯಾಮ್ ಡೈಲಿ ಪೋಸ್ಟ್ ಹುಟ್ಟಿದವು. ದೊಡ್ಡ ನಗರದ ದಿನಪತ್ರಿಕೆಗಳ ಜೊತೆಗೆ ಸಣ್ಣ ಊರುಗಳಿಗೂ ತಮ್ಮದೇ ವಾರಪತ್ರಿಕೆಗಳು ಬಂದವು. ಐಸಾಕ್ ಪಿಟ್‌ಮನ್ 1837ರಲ್ಲಿ ಪ್ರಕಟಿಸಿದ ಶೀಘ್ರಲಿಪಿ ಅಷ್ಟರಲ್ಲಿ ವರದಿಗಾರರ ಕೈಗೆ ಹತ್ತಿತ್ತು. ಸದಸ್ಯರು ಆಡಿದ ಮಾತನ್ನು ಹೆಚ್ಚೂ ಕಡಿಮೆ ಹಾಗೆಯೇ ಬರೆದುಕೊಂಡು, ಸಣ್ಣ ಅಕ್ಷರದ ಉದ್ದುದ್ದ ಅಂಕಣಗಳಲ್ಲಿ ಅಚ್ಚುಹಾಕುವುದು ಊರಿನ ಪತ್ರಿಕೆಯ ಮುಖ್ಯ ಕೆಲಸವಾಯಿತು. ಚರಂಡಿಯ ಗುತ್ತಿಗೆ ಯಾರಿಗೆ ಹೋಯಿತು, ಯಾವ ಸದಸ್ಯ ಯಾವುದಕ್ಕೆ ಅಡ್ಡ ಬಂದ, ಆರೋಗ್ಯಾಧಿಕಾರಿ ಕಾಲರಾ ಬಗ್ಗೆ ಏನು ವರದಿ ಕೊಟ್ಟ ಎಂಬುದನ್ನು ಜನ ಓದಿ ತಿಳಿಯುತ್ತಿದ್ದರು. ಸದಸ್ಯರಿಗೂ ಇದು ಬೇಕಿತ್ತು. ಮಾತು ಪತ್ರಿಕೆಯಲ್ಲಿ ಬಂದರೆ ಮುಂದಿನ ಚುನಾವಣೆಗೆ ಅನುಕೂಲ. ಹಾಗಾಗಿ ಹೆಚ್ಚಿನ ಊರುಗಳಲ್ಲಿ ವರದಿಗಾರರಿಗೆ ಸಭಾಂಗಣದಲ್ಲೇ ಮೇಜು ಹಾಕಿಕೊಡುತ್ತಿದ್ದರು. ಆದರೆ ಇದು ಕೇವಲ ಸೌಜನ್ಯ. ಸಭೆಗೆ ಮನಸ್ಸು ಬದಲಾದ ದಿನ ಮೇಜು ಇಲ್ಲವಾಗಬಹುದಿತ್ತು.

ಬರ್ಮಿಂಗ್‌ಹ್ಯಾಮ್ ಈ ಸೌಜನ್ಯದ ಕಾಲದ ಅತ್ಯುತ್ತಮ ಉದಾಹರಣೆ. ಜೋಸೆಫ್ ಚೇಂಬರ್ಲಿನ್ 1873ರಿಂದ 1876ರವರೆಗೆ ಮೇಯರ್ ಆಗಿದ್ದಾಗ ಖಾಸಗಿ ಕಂಪನಿಗಳ ಕೈಯಲ್ಲಿದ್ದ ಅನಿಲ ಮತ್ತು ನೀರು ಪೂರೈಕೆಯನ್ನು ನಗರವೇ ವಹಿಸಿಕೊಂಡಿತು. ಇಷ್ಟು ದೊಡ್ಡ ಸಾಲಕ್ಕೆ ಜನರ ಒಪ್ಪಿಗೆ ಬೇಕಿತ್ತು, ಆ ಒಪ್ಪಿಗೆ ಪತ್ರಿಕೆಯ ಪುಟಗಳಲ್ಲಿ ನಡೆದ ಚರ್ಚೆಯಿಂದ ರೂಪುಗೊಂಡಿತು. ಡೈಲಿ ಪೋಸ್ಟ್‌ನ ಸಂಪಾದಕ ಜೆ. ಟಿ. ಬನ್ಸ್ ನಗರಾಡಳಿತದ ವಿಷಯವನ್ನು ಎಷ್ಟು ಹಚ್ಚಿಕೊಂಡಿದ್ದರೆಂದರೆ, ಬರ್ಮಿಂಗ್‌ಹ್ಯಾಮ್ ಪೌರಸಭೆಯ ಇತಿಹಾಸವನ್ನು ಸಂಪುಟಗಳಲ್ಲಿ ಬರೆದವರೂ ಅವರೇ. ಆದರೆ ಬನ್ಸ್ ಚೇಂಬರ್ಲಿನ್ ಬಳಗದವರು. ಸಂಪಾದಕ ಮೇಯರನಿಗೆ ಇಷ್ಟು ಹತ್ತಿರವಾದ ಊರಿನಲ್ಲಿ ಸುದ್ದಿ ಧಾರಾಳವಾಗಿ ಸಿಗುತ್ತದೆ, ಕಠಿಣವಾದ ಪ್ರಶ್ನೆಗಳು ಕಡಿಮೆಯಾಗುತ್ತವೆ. ಸ್ಥಳೀಯ ಪತ್ರಿಕೋದ್ಯಮದ ಈ ತೊಡಕು ಆಗಲೇ ಕಾಣಿಸಿಕೊಂಡಿತ್ತು.

ಒಳಗೆ ಬಿಟ್ಟರೂ ಕೇಳಿದ್ದನ್ನೆಲ್ಲ ಬರೆಯುವಂತಿರಲಿಲ್ಲ. ಮಾನಹಾನಿ ಮೊಕದ್ದಮೆಯ ಭಯವಿತ್ತು. 1877ರ ಪರ್ಸೆಲ್ ವಿರುದ್ಧ ಸೌಲರ್ ಪ್ರಕರಣ ಈ ಭಯವನ್ನು ನಿಜಮಾಡಿತು. ಬಡವರ ಪೋಷಣೆ ನೋಡಿಕೊಳ್ಳುವ ಮಂಡಳಿಯ ಸಭೆಯೊಂದರಲ್ಲಿ ಬಡವರ ದುಡಿಮೆಮನೆಯ (ವರ್ಕ್‌ಹೌಸ್) ವೈದ್ಯಾಧಿಕಾರಿಯ ಮೇಲೆ ಕರ್ತವ್ಯಲೋಪದ ಆರೋಪ ಬಂತು. ಮ್ಯಾಂಚೆಸ್ಟರ್‌ನ ಪತ್ರಿಕೆಯೊಂದು ಅದನ್ನು ವರದಿ ಮಾಡಿತು, ವೈದ್ಯ ದಾವೆ ಹೂಡಿದ. ವಿಷಯ ಸಾರ್ವಜನಿಕ ಮಹತ್ವದ್ದೇ ಎಂದು ನ್ಯಾಯಾಲಯ ಒಪ್ಪಿಕೊಂಡಿತು. ಆದರೂ ಇಂಥ ಮಂಡಳಿಯ ಸಭೆಯ ವರದಿಗೆ, ಅದು ಎಷ್ಟೇ ನಿಷ್ಠವಾಗಿದ್ದರೂ, ಸಂಸತ್ತಿನ ಅಥವಾ ನ್ಯಾಯಾಲಯದ ಕಲಾಪದ ವರದಿಗಿರುವ ರಕ್ಷಣೆ ಇಲ್ಲ ಎಂದು ತೀರ್ಪು ಕೊಟ್ಟಿತು. ಸಭೆಯಲ್ಲಿ ಆಡಿದವನಿಗಿಂತ ಅದನ್ನು ಅಚ್ಚುಹಾಕಿದವನೇ ಹೆಚ್ಚು ಅಪಾಯಕ್ಕೆ ಸಿಕ್ಕಿದ. ಪತ್ರಿಕೆಗಳ ಒತ್ತಾಯದಿಂದ 1881ರಲ್ಲಿ ಒಂದು ಕಾಯ್ದೆ, ಅದನ್ನು ಸರಿಪಡಿಸಿ 1888ರಲ್ಲಿ ಇನ್ನೊಂದು ಬಂದವು. 1888ರ ಕಾಯ್ದೆ ಪೌರಸಭೆ, ಶಾಲಾ ಮಂಡಳಿ ಮುಂತಾದ ಸಂಸ್ಥೆಗಳ ಸಭೆಯ ನ್ಯಾಯಬದ್ಧವೂ ನಿಖರವೂ ಆದ ವರದಿಗೆ ರಕ್ಷಣೆ ನೀಡಿತು. ಅದಕ್ಕೊಂದು ಷರತ್ತಿತ್ತು: ವರದಿಯಿಂದ ನೊಂದವನು ವಿವರಣೆ ಕಳಿಸಿದರೆ ಪತ್ರಿಕೆ ಅದನ್ನೂ ಪ್ರಕಟಿಸಬೇಕು. ಈ ಷರತ್ತು ಪತ್ರಿಕೆಗಳಿಗೆ ಒಳ್ಳೆಯ ಅಭ್ಯಾಸ ಕಲಿಸಿತು. ಅಚ್ಚಿಗೆ ಹೋಗುವ ಮೊದಲೇ ಆಚೆ ಕಡೆಯವರನ್ನು ಕೇಳುವುದು ವೃತ್ತಿಧರ್ಮವಷ್ಟೇ ಅಲ್ಲ, ಕಾನೂನಿನ ದೃಷ್ಟಿಯಿಂದಲೂ ಜಾಣತನವಾಯಿತು.

ಆದರೆ ಆ ರಕ್ಷಣೆ ಒಳಗೆ ಬಿಟ್ಟ ಸಭೆಗಳಿಗೆ ಮಾತ್ರ ಅನ್ವಯಿಸುತ್ತಿತ್ತು. ಬಿಡದಿದ್ದರೆ? ಈ ಪ್ರಶ್ನೆಯನ್ನು ಎತ್ತಿದ ಊರು ವೇಲ್ಸ್‌ನ ನೈರುತ್ಯ ತುದಿಯ ಟೆನ್‌ಬಿ. ಸಮುದ್ರದಂಡೆಯ ಸಣ್ಣ ಪಟ್ಟಣ, ಬೇಸಿಗೆಯಲ್ಲಿ ಬರುವ ಪ್ರವಾಸಿಗಳೇ ಅದರ ಜೀವಾಳ. ಅಲ್ಲಿನ ವಾರಪತ್ರಿಕೆ ಟೆನ್‌ಬಿ ಅಬ್ಸರ್ವರ್ 1853ರಷ್ಟು ಹಳೆಯದು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಫ್ರಾಂಕ್ ಮೇಸನ್ ಅದನ್ನು ನಡೆಸುತ್ತಿದ್ದರು. ಕೌನ್ಸಿಲ್‌ನ ಕಾರ್ಯವೈಖರಿಯನ್ನು ಮೇಸನ್ ಬಿಡದೆ ಟೀಕಿಸುತ್ತಿದ್ದರು. ಕೊನೆಗೆ ಕೌನ್ಸಿಲ್ ನಿರ್ಣಯ ಮಾಡಿ ಅವರನ್ನು ಸಭೆಯಿಂದ ಹೊರಗಿಟ್ಟಿತು. ಮೇಸನ್ ಅದನ್ನು ಒಪ್ಪದೆ ಮತ್ತೆ ಸಭೆಗೆ ಹೋದರು. ಕೌನ್ಸಿಲ್ ನ್ಯಾಯಾಲಯಕ್ಕೆ ಹೋಗಿ ತಡೆಯಾಜ್ಞೆ ತಂದಿತು.

ಟೆನ್‌ಬಿ ಕಾರ್ಪೊರೇಷನ್ ವಿರುದ್ಧ ಮೇಸನ್ ಎಂಬ ಈ ಮೊಕದ್ದಮೆಯಲ್ಲಿ 1908ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಕೌನ್ಸಿಲ್‌ನ ಪರವಾಗಿ ನಿಂತಿತು. ಪೌರಸಭೆಯ ಸಭೆಗೆ ಬರುವ ಹಕ್ಕು ಸಾಮಾನ್ಯ ಜನರಿಗಿಲ್ಲ, ಊರಿನ ಮತದಾರನಿಗಿಲ್ಲ, ಪತ್ರಿಕೆಯ ಪ್ರತಿನಿಧಿಗೂ ಇಲ್ಲ ಎಂಬುದು ತೀರ್ಪಿನ ಸಾರ. ಅಲ್ಲಿಯವರೆಗೆ ಎಪ್ಪತ್ತು ವರ್ಷ ದೇಶದಾದ್ಯಂತ ವರದಿಗಾರರು ಕೂತ ಕುರ್ಚಿಗಳಿಗೆ ಕಾನೂನಿನ ಆಧಾರವೇ ಇರಲಿಲ್ಲ ಎಂಬುದು ಆಗ ಸ್ಪಷ್ಟವಾಯಿತು. ಕಾನೂನಿನ ಪ್ರಕಾರ ತೀರ್ಪು ಸರಿಯೇ ಇತ್ತು, ಬದಲಾಗಬೇಕಾದದ್ದು ಕಾನೂನು. ಹಿಂದಿನ ವರ್ಷವಷ್ಟೇ, 1907ರಲ್ಲಿ, ಪತ್ರಕರ್ತರ ರಾಷ್ಟ್ರೀಯ ಸಂಘ ಸ್ಥಾಪನೆಯಾಗಿತ್ತು. ಹೊಸ ಸಂಘಕ್ಕೆ ಇದು ಮೊದಲ ದೊಡ್ಡ ಹೋರಾಟವಾಗಿ ಒದಗಿತು. ಲೇಬರ್ ಸದಸ್ಯ ಆರ್ಥರ್ ಹೆಂಡರ್ಸನ್ ಸಂಸತ್ತಿನಲ್ಲಿ ಮಸೂದೆ ಮಂಡಿಸಿದರು. ತೀರ್ಪು ಬಂದ ವರ್ಷವೇ, ಡಿಸೆಂಬರ್ ತಿಂಗಳಲ್ಲಿ, ಸ್ಥಳೀಯ ಸಂಸ್ಥೆಗಳ ಸಭೆಗಳಿಗೆ ಪತ್ರಿಕಾ ಪ್ರತಿನಿಧಿಗಳ ಪ್ರವೇಶದ ಕಾಯ್ದೆ ಜಾರಿಯಾಯಿತು. ಸಣ್ಣ ಊರಿನ ಸಂಪಾದಕನೊಬ್ಬ ಮೊಕದ್ದಮೆಯಲ್ಲಿ ಸೋತು ಇಡೀ ದೇಶದ ವರದಿಗಾರರಿಗೆ ಹಕ್ಕು ಗಳಿಸಿಕೊಟ್ಟ. ಈ ಇತಿಹಾಸದಲ್ಲಿ ಎಲ್ಲರಿಗಿಂತ ಹೆಚ್ಚಿನ ಗೌರವ ಸಲ್ಲಬೇಕಾದದ್ದು ಮೇಸನ್‌ಗೆ.

1908ರ ಕಾಯ್ದೆ ಚಿಕ್ಕದು, ಅದರಲ್ಲಿ ಎರಡು ದೊಡ್ಡ ಕೊರತೆಗಳಿದ್ದವು. ಹಕ್ಕು ಸಿಕ್ಕಿದ್ದು ಪತ್ರಿಕೆಯವರಿಗೆ ಮಾತ್ರ, ಸಾರ್ವಜನಿಕರಿಗಲ್ಲ. ಜೊತೆಗೆ, ವಿಷಯದ ಸ್ವರೂಪ ನೋಡಿ ಸಾರ್ವಜನಿಕ ಹಿತಕ್ಕೆ ಅಗತ್ಯವೆನಿಸಿದರೆ ಹಾಜರಿದ್ದವರ ಬಹುಮತದಿಂದ ವರದಿಗಾರರನ್ನು ತಾತ್ಕಾಲಿಕವಾಗಿ ಹೊರಗೆ ಕಳಿಸಬಹುದಿತ್ತು. ಇದಕ್ಕಿಂತ ಸುಲಭದ ದಾರಿಯೂ ಇತ್ತು. ಶಿಕ್ಷಣದಂಥ ಕೆಲವನ್ನು ಬಿಟ್ಟರೆ ಸಮಿತಿಗಳಿಗೆ ಕಾಯ್ದೆ ಅನ್ವಯಿಸುತ್ತಿರಲಿಲ್ಲ. ಆದ್ದರಿಂದ ಮುಜುಗರದ ವಿಷಯ ಬಂದಾಗ ಇಡೀ ಕೌನ್ಸಿಲ್ ತನ್ನನ್ನು ತಾನೇ ಸಮಿತಿಯೆಂದು ಘೋಷಿಸಿಕೊಳ್ಳುತ್ತಿತ್ತು. ಅದೇ ಕೋಣೆ, ಅದೇ ಸದಸ್ಯರು, ಅದೇ ಅಧ್ಯಕ್ಷ. ವರದಿಗಾರ ಮಾತ್ರ ಪೆನ್ಸಿಲ್ ಜೇಬಿಗಿಟ್ಟು ಮೊಗಸಾಲೆಗೆ ಹೋಗಬೇಕು. ಅರ್ಧ ಗಂಟೆಯ ನಂತರ ಒಳಗೆ ಕರೆದಾಗ ಅವನಿಗೆ ಸಿಗುತ್ತಿದ್ದದ್ದು ಚರ್ಚೆಯಿಲ್ಲದ ಒಂದು ಸಾಲಿನ ನಿರ್ಣಯ. ಪೂರ್ಣ ಸಭೆ ಸಮಿತಿಗಳ ಶಿಫಾರಸಿಗೆ ಮುದ್ರೆ ಒತ್ತುವ ಜಾಗವಾಯಿತು, ವಾದವಿವಾದವೆಲ್ಲ ಸಮಿತಿಗೆ ಹೋಯಿತು. ಅರ್ಧ ಶತಮಾನ ಇದೇ ನಡೆಯಿತು.

ಆ ದಶಕಗಳಲ್ಲಿ ಊರಿನ ವರದಿಗಾರ ಸುದ್ದಿ ಪಡೆಯುತ್ತಿದ್ದದ್ದು ಪರಿಚಯದಿಂದ. ಟೌನ್ ಕ್ಲರ್ಕ್, ಎಂಜಿನಿಯರ್, ಆರೋಗ್ಯಾಧಿಕಾರಿ ಇವರನ್ನು ಕಚೇರಿಗೇ ಹೋಗಿ ಕಾಣುತ್ತಿದ್ದ. ಸಮಿತಿಯಲ್ಲಿ ಸೋತ ಸದಸ್ಯ ದಾರಿಯಲ್ಲಿ ಸಿಕ್ಕಾಗ ಒಳಗಿನದನ್ನು ಹೇಳುತ್ತಿದ್ದ. ವಾರದಲ್ಲಿ ಒಂದು ದಿನ ನ್ಯಾಯಾಲಯ, ಒಂದು ದಿನ ಕೌನ್ಸಿಲ್, ನಡುವೆ ಮದುವೆ, ಸಾವು, ಫುಟ್‌ಬಾಲ್ ಪಂದ್ಯ. ಸಂಸ್ಥೆ ಉತ್ತರ ಕೊಡುತ್ತಿದ್ದದ್ದು ಈ ಮುಖಾಮುಖಿ ಸಂಬಂಧದಿಂದಲೇ ಹೊರತು ಯಾವ ನಿಯಮದಿಂದಲೂ ಅಲ್ಲ. ಅದಕ್ಕೊಂದು ಬೆಲೆಯೂ ಇತ್ತು. ನಾಳೆ ಮತ್ತೆ ಅದೇ ಅಧಿಕಾರಿಯ ಬಾಗಿಲಿಗೆ ಹೋಗಬೇಕಾದವನು ಇಂದು ಕೈ ಬಿಗಿಹಿಡಿದು ಬರೆಯುತ್ತಾನೆ.

ಮುಂದಿನ ತಿರುವು ಬಂದದ್ದು ಮುದ್ರಣ ಕಾರ್ಮಿಕರ ಮುಷ್ಕರದಿಂದ. 1950ರ ದಶಕದ ಕೊನೆಯಲ್ಲಿ ಮುಷ್ಕರದ ನಡುವೆಯೂ ಹೊರಬರುತ್ತಿದ್ದ ಪತ್ರಿಕೆಗಳ ವರದಿಗಾರರಿಗೆ ಲೇಬರ್ ಆಡಳಿತದ ಕೆಲವು ಕೌನ್ಸಿಲ್‌ಗಳು ಸೌಲಭ್ಯ ನಿರಾಕರಿಸಿದವು. ನಾಟಿಂಗ್‌ಹ್ಯಾಮ್‌ನ ಹೆಸರು ಇದರಲ್ಲಿ ಹೆಚ್ಚಾಗಿ ಕೇಳಿಬಂತು. ಕಾರ್ಮಿಕರ ಪರ ನಿಲ್ಲುವುದು ಒಂದು ಪಕ್ಷದ ನಿಲುವಾಗಿರಬಹುದು, ಆದರೆ ತೆರಿಗೆದಾರನ ಕಣ್ಣು ಕಟ್ಟುವುದಕ್ಕೆ ಅದು ಕಾರಣವಾಗಲಾರದು. 1959ರಲ್ಲಿ ಫಿಂಚ್ಲಿಯಿಂದ ಮೊದಲ ಬಾರಿಗೆ ಆರಿಸಿ ಬಂದಿದ್ದ ಕನ್ಸರ್ವೇಟಿವ್ ಸದಸ್ಯೆ ಮಾರ್ಗರೆಟ್ ಥ್ಯಾಚರ್ ಈ ವಿಷಯವನ್ನೇ ತಮ್ಮ ಖಾಸಗಿ ಮಸೂದೆಗೆ ಆರಿಸಿಕೊಂಡರು. 1960ರ ಫೆಬ್ರವರಿ 5ರಂದು ಅವರು ಸಂಸತ್ತಿನಲ್ಲಿ ಮಾಡಿದ ಚೊಚ್ಚಲ ಭಾಷಣವೇ ಈ ಮಸೂದೆಯ ಮಂಡನೆ. ಹೊಸ ಸದಸ್ಯರು ಮೊದಲ ಭಾಷಣದಲ್ಲಿ ತಮ್ಮ ಕ್ಷೇತ್ರದ ಗುಣಗಾನ ಮಾಡುವುದು ವಾಡಿಕೆ. ಥ್ಯಾಚರ್ ಅದನ್ನು ಬಿಟ್ಟು ನೇರವಾಗಿ ಸ್ಥಳೀಯ ಸಂಸ್ಥೆಗಳು ಖರ್ಚು ಮಾಡುವ ಕೋಟ್ಯಂತರ ಪೌಂಡ್ ಸಾರ್ವಜನಿಕ ಹಣದ ಲೆಕ್ಕಕ್ಕೆ ಬಂದರು. ಮಸೂದೆಯ ಪರ 152, ವಿರುದ್ಧ 39 ಮತ ಬಿದ್ದವು. ಪರವಾಗಿ ಮತ ಹಾಕಿದವರು ಒಂದೇ ಪಕ್ಷದವರಾಗಿರಲಿಲ್ಲ.

1960ರ ಸಾರ್ವಜನಿಕ ಸಂಸ್ಥೆಗಳ ಸಭಾಪ್ರವೇಶ ಕಾಯ್ದೆ ಮರುವರ್ಷ ಜೂನ್‌ನಲ್ಲಿ ಜಾರಿಗೆ ಬಂತು. ಪತ್ರಿಕೆಯವರ ಜೊತೆಗೆ ಸಾರ್ವಜನಿಕರಿಗೂ ಮೊದಲ ಬಾರಿಗೆ ಹಕ್ಕು ಸಿಕ್ಕಿತು. ಹೊರಗೆ ಕಳಿಸಬೇಕಾದರೆ ಕಾರಣ ನಮೂದಿಸಿದ ನಿರ್ಣಯ ಆಗಬೇಕು. ಸಭೆಯ ಸೂಚನೆಯನ್ನು ಮೂರು ದಿನ ಮೊದಲೇ ಕಚೇರಿಯಲ್ಲಿ ಅಂಟಿಸಬೇಕು. ಪತ್ರಿಕೆ ಕೇಳಿದರೆ, ಅಂಚೆ ವೆಚ್ಚ ಕೊಟ್ಟರೆ, ಕಾರ್ಯಸೂಚಿ ಕಳಿಸಬೇಕು. ವರದಿಗಾರರಿಗೆ ಬರೆದುಕೊಳ್ಳಲು ಆದಷ್ಟು ಮಟ್ಟಿಗೆ ತಕ್ಕ ಅನುಕೂಲ ಮಾಡಿಕೊಡಬೇಕು, ಆ ಕಟ್ಟಡದಲ್ಲಿ ದೂರವಾಣಿ ಇದ್ದರೆ ಅವರದೇ ಖರ್ಚಿನಲ್ಲಿ ಸುದ್ದಿ ಮುಟ್ಟಿಸಲು ಬಿಡಬೇಕು. ಕುರ್ಚಿ, ಮೇಜು, ಟೆಲಿಫೋನ್ ಇವೂ ಕಾಯ್ದೆಯ ಕಲಮಾದದ್ದು ಗಮನಾರ್ಹ. ಬಾಗಿಲು ತೆರೆದು, ನಿಲ್ಲಲು ಜಾಗವಿಲ್ಲದಂತೆ ಮಾಡಿದರೆ ಹಕ್ಕು ಹೆಸರಿಗಷ್ಟೇ ಉಳಿಯುತ್ತದೆ ಎಂಬುದನ್ನು ಕಾಯ್ದೆ ಬರೆದವರು ಅರಿತಿದ್ದರು. ಇಡೀ ಕೌನ್ಸಿಲನ್ನೇ ಸಮಿತಿ ಎಂದು ಕರೆದುಕೊಳ್ಳುವ ಹಳೆಯ ಉಪಾಯಕ್ಕೂ ತೆರೆ ಬಿತ್ತು. ಆದರೆ ಕೆಲವೇ ಸದಸ್ಯರ ಸಮಿತಿಗಳು ಮುಚ್ಚಿಯೇ ಉಳಿದವು, ನಿಜವಾದ ಕೆಲಸ ಅಲ್ಲಿಗೆ ಸರಿಯಿತು.

ಹಾಗೆ ಮುಚ್ಚಿದ ಸಮಿತಿಗಳಲ್ಲಿ ಏನು ನಡೆಯಬಹುದೆಂಬುದಕ್ಕೆ ಜಾನ್ ಪೌಲ್ಸನ್ ಹಗರಣ ಸಾಕ್ಷಿ. ಯಾರ್ಕ್‌ಷೈರ್‌ನ ಈ ವಾಸ್ತುಶಿಲ್ಪಿ ಕೌನ್ಸಿಲರ್‌ಗಳಿಗೂ ಅಧಿಕಾರಿಗಳಿಗೂ ಲಂಚ ಕೊಟ್ಟು ಉತ್ತರ ಇಂಗ್ಲೆಂಡಿನ ಸಾರ್ವಜನಿಕ ಕಟ್ಟಡಗಳ ಗುತ್ತಿಗೆ ಹಿಡಿಯುತ್ತಿದ್ದ. ನ್ಯೂಕ್ಯಾಸಲ್‌ನ ಪ್ರಭಾವಿ ನಾಯಕ ಟಿ. ಡ್ಯಾನ್ ಸ್ಮಿತ್ ಕೂಡ ಇದರಲ್ಲಿ ಸೇರಿದ್ದರು. ಇದನ್ನು ಮೊದಲು ಬಗೆದು ತೆಗೆದವರಲ್ಲಿ ಬ್ರಾಡ್‌ಫರ್ಡ್‌ನ ಟೆಲಿಗ್ರಾಫ್ ಅಂಡ್ ಆರ್ಗಸ್ ಪತ್ರಿಕೆಯ ರೇ ಫಿಟ್ಸ್‌ವಾಲ್ಟರ್ ಪ್ರಮುಖರು. ಲಂಡನ್ನಿನ ದೊಡ್ಡ ಪತ್ರಿಕೆಗಳಿಗಿಂತ ಮುಂಚೆ ಸ್ಥಳೀಯ ಪತ್ರಿಕೆಯೊಂದು ಇದನ್ನು ಹಿಡಿದದ್ದು ಆಕಸ್ಮಿಕವಲ್ಲ. ಯಾವ ಗುತ್ತಿಗೆ ಯಾವ ಊರಲ್ಲಿ ಯಾರ ಪಾಲಾಯಿತು ಎಂದು ವರ್ಷಗಟ್ಟಲೆ ನೋಡುತ್ತ ಬಂದವರಿಗೇ ಇಂಥ ಸಂಬಂಧಗಳು ಕಾಣುತ್ತವೆ. 1974ರಲ್ಲಿ ಪೌಲ್ಸನ್ ಮತ್ತು ಸ್ಮಿತ್ ಇಬ್ಬರಿಗೂ ಜೈಲಾಯಿತು.

ಅಷ್ಟರಲ್ಲಿ 1972ರ ಸ್ಥಳೀಯ ಸರ್ಕಾರ ಕಾಯ್ದೆ ಎಲ್ಲ ಸಮಿತಿಗಳನ್ನೂ ತೆರೆದಿಟ್ಟಿತ್ತು. ಕೆಲಸ ಉಪಸಮಿತಿಗಳಿಗೆ ಹೋಯಿತು. ಆ ಬಾಗಿಲನ್ನು ತೆರೆಸಿದ್ದು ರಾಬಿನ್ ಸ್ಕ್ವೈರ್ ಮಂಡಿಸಿದ ಖಾಸಗಿ ಮಸೂದೆಯಿಂದ ಬಂದ 1985ರ ಮಾಹಿತಿ ಲಭ್ಯತೆ ಕಾಯ್ದೆ. ಕಾರ್ಯಸೂಚಿ ಮಾತ್ರವಲ್ಲ, ಅಧಿಕಾರಿಗಳು ಬರೆದ ವರದಿಗಳು, ಆ ವರದಿಗಳಿಗೆ ಆಧಾರವಾದ ಕಡತಗಳು ಎಲ್ಲವೂ ಸಭೆಗೆ ಮೊದಲೇ ನೋಡಲು ಸಿಗಬೇಕೆಂದು ಅದು ಹೇಳಿತು. ಗುಟ್ಟಾಗಿಡಬಹುದಾದ ವಿಷಯಗಳ ಪಟ್ಟಿಯನ್ನೂ ಕಾಯ್ದೆಯೇ ಕೊಟ್ಟಿತು. ಸದಸ್ಯರಿಗೆ ತೋಚಿದ ಕಾರಣ ಇನ್ನು ಸಾಲದು. ಈ ಇಡೀ ಕಾಲದ ಅತ್ಯಂತ ಉಪಯುಕ್ತ ಕಾಯ್ದೆ ಇದೇ ಎನ್ನಬಹುದು. ಸಭೆಯಲ್ಲಿ ಕೂತು ಕೇಳುವವನಿಗಿಂತ, ಮೂರು ದಿನ ಮೊದಲು ವರದಿ ಓದಿಕೊಂಡು ಬಂದವನ ಪ್ರಶ್ನೆ ಹೆಚ್ಚು ನಾಟುತ್ತದೆ.

ಕಾಗದ ಸುಲಭವಾಗಿ ಸಿಗುವ ಹೊತ್ತಿಗೆ ಮನುಷ್ಯರು ಸಿಗುವುದು ಕಷ್ಟವಾಯಿತು. 1974ರಲ್ಲಿ ಸಣ್ಣ ಪೌರಸಭೆಗಳನ್ನು ಒಟ್ಟುಗೂಡಿಸಿ ದೊಡ್ಡ ಜಿಲ್ಲಾ ಕೌನ್ಸಿಲ್‌ಗಳನ್ನು ಮಾಡಿದ ಮೇಲೆ ಪತ್ರಿಕಾ ಸಂಪರ್ಕ ಕಚೇರಿಗಳು ಹೆಚ್ಚಿದವು. ಎಂಜಿನಿಯರನನ್ನು ನೇರವಾಗಿ ಕೇಳುವ ಬದಲು ವರದಿಗಾರ ಈ ಕಚೇರಿಗೆ ಪ್ರಶ್ನೆ ಕಳಿಸಬೇಕಾಯಿತು. ಅಲ್ಲಿಂದ ಸಂಬಂಧಪಟ್ಟ ವಿಭಾಗಕ್ಕೆ, ಅಲ್ಲಿಂದ ಮೇಲಧಿಕಾರಿಗೆ, ಕೆಲವೊಮ್ಮೆ ಆಡಳಿತ ಪಕ್ಷದ ನಾಯಕನಿಗೆ ಹೋಗಿ, ಮರಳಿ ಬರುವ ಹೊತ್ತಿಗೆ ಅದು ಹೆಸರಿಲ್ಲದ ವಕ್ತಾರರೊಬ್ಬರ ನಾಲ್ಕು ಸಾಲಿನ ಹೇಳಿಕೆಯಾಗಿರುತ್ತದೆ. ಹೇಳಿಕೆಯ ಮೇಲೆ ಮರುಪ್ರಶ್ನೆ ಕೇಳಲು ಎದುರಿಗೆ ಯಾರೂ ಇರುವುದಿಲ್ಲ. ಒಳ್ಳೆಯ ಸಂಪರ್ಕಾಧಿಕಾರಿ ಇದ್ದಲ್ಲಿ ಮಾಹಿತಿ ಬೇಗ, ಸರಿಯಾಗಿ ಸಿಗುತ್ತದೆ ಎಂಬುದೂ ನಿಜ. ಪ್ರವಾಹ ಅಥವಾ ಹಿಮಪಾತದ ದಿನ ಶಾಲೆ ಇದೆಯೇ, ರಸ್ತೆ ತೆರೆದಿದೆಯೇ ಎಂದು ನೂರಾರು ಜನರಿಗೆ ಒಟ್ಟಿಗೆ ತಿಳಿಸಲು ಇಂಥ ವ್ಯವಸ್ಥೆಯೇ ಬೇಕು. ತೊಂದರೆಯಾದದ್ದು ಖರ್ಚು, ತಪ್ಪು, ಹೊಣೆ ಇವುಗಳ ಬಗೆಗಿನ ಪ್ರಶ್ನೆಗಳಿಗೆ.

2000ನೇ ಇಸವಿ ಎರಡು ವಿರುದ್ಧ ದಿಕ್ಕಿನ ಕಾಯ್ದೆಗಳನ್ನು ತಂದಿತು. ಸ್ಥಳೀಯ ಸರ್ಕಾರ ಕಾಯ್ದೆ ದೊಡ್ಡ ಕೌನ್ಸಿಲ್‌ಗಳಲ್ಲಿ ಸಮಿತಿ ಪದ್ಧತಿಯ ಬದಲು ಸಂಪುಟ ಪದ್ಧತಿ ತಂದು, ತೀರ್ಮಾನಗಳನ್ನು ಕೆಲವೇ ಜನರ ಕೈಗೆ ಕೊಟ್ಟಿತು. ಒಬ್ಬನೇ ಸದಸ್ಯ ತನ್ನ ಕೋಣೆಯಲ್ಲಿ ಸಹಿ ಹಾಕಿ ಮುಗಿಸಬಹುದಾದ ತೀರ್ಮಾನಕ್ಕೆ ವರದಿಗಾರ ಕೂರುವ ಸಭೆಯೇ ಇರುವುದಿಲ್ಲ. ಅದೇ ವರ್ಷದ ಮಾಹಿತಿ ಸ್ವಾತಂತ್ರ್ಯ ಕಾಯ್ದೆ 2005ರ ಜನವರಿ 1ರಿಂದ ಜಾರಿಯಾಗಿ, ಯಾರು ಬೇಕಾದರೂ ಬರೆದು ಕೇಳಬಹುದು, 20 ಕೆಲಸದ ದಿನಗಳೊಳಗೆ ಉತ್ತರ ಬರಬೇಕು ಎಂದಿತು. ಪ್ರಶ್ನೆಗೆ ಉತ್ತರ ಪಡೆಯುವ ಹಕ್ಕಿಗೆ ಬ್ರಿಟಿಷ್ ಕಾನೂನು ಅತ್ಯಂತ ಹತ್ತಿರ ಬಂದದ್ದು ಇಲ್ಲೇ. ಅದಕ್ಕೂ ಮಿತಿಗಳಿವೆ. ಉತ್ತರ ಹುಡುಕಲು 450 ಪೌಂಡ್‌ಗಿಂತ, ಅಂದರೆ 18 ಗಂಟೆಗಿಂತ ಹೆಚ್ಚು ತಗಲುವುದಾದರೆ ಕೌನ್ಸಿಲ್ ನಿರಾಕರಿಸಬಹುದು. ದಾಖಲೆಯಲ್ಲಿ ಇರುವುದನ್ನು ಮಾತ್ರ ಕೊಟ್ಟರೆ ಸಾಕು, ಯಾಕೆ ಹೀಗೆ ಮಾಡಿದಿರಿ ಎಂಬುದಕ್ಕೆ ಸಮಜಾಯಿಷಿ ಕೊಡಬೇಕಿಲ್ಲ.

ಭಾರತದ ಮಾಹಿತಿ ಹಕ್ಕು ಕಾಯ್ದೆಯೂ ಅದೇ 2005ರ ಅಕ್ಟೋಬರಿನಲ್ಲಿ ಪೂರ್ಣವಾಗಿ ಜಾರಿಗೆ ಬಂತು. ಕರ್ನಾಟಕ ಅದಕ್ಕೂ ಮುಂಚೆ, 2000ದಲ್ಲೇ, ತನ್ನದೇ ಕಾಯ್ದೆ ಮಾಡಿಕೊಂಡಿತ್ತು. ಭಾರತದ ಕಾಯ್ದೆ ಒಂದು ವಿಷಯದಲ್ಲಿ ಬ್ರಿಟನ್ನಿನದಕ್ಕಿಂತ ಮುಂದಿದೆ: ಕಾಮಗಾರಿಯನ್ನು ಹೋಗಿ ನೋಡುವ, ಬಳಸಿದ ಸಾಮಗ್ರಿಯ ಮಾದರಿ ಪಡೆಯುವ ಹಕ್ಕು ಇಲ್ಲಿದೆ. ರಸ್ತೆಗೆ ಹಾಕಿದ ಡಾಂಬರನ್ನೇ ಕೇಳಿ ಪಡೆಯಬಹುದು. ಆದರೆ ಅಭಿಪ್ರಾಯ ಕೊಡುವ ಅಥವಾ ದಾಖಲೆಯಲ್ಲಿಲ್ಲದ ಮಾಹಿತಿಯನ್ನು ಸೃಷ್ಟಿಸುವ ಹೊಣೆ ಕಚೇರಿಗಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಹೇಳಿರುವುದರಿಂದ ಮಿತಿ ಎರಡೂ ಕಡೆ ಒಂದೇ. ಚುನಾಯಿತ ಸಭೆಯೇ ಇಲ್ಲದಿದ್ದರೆ ಪ್ರವೇಶದ ಹಕ್ಕಿಗೆ ಅರ್ಥವಿರುವುದಿಲ್ಲ ಎಂಬುದನ್ನು ಬೆಂಗಳೂರು ಕಂಡಿದೆ. 2020ರ ಸೆಪ್ಟೆಂಬರಿನಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಆಡಳಿತಾಧಿಕಾರಿಗಳೇ ನಗರವನ್ನು ನಡೆಸಿದರು. ವರದಿಗಾರರು ಕೂತು ಕೇಳುವ ಕೌನ್ಸಿಲ್ ಸಭೆ ಆ ಕಾಲದಲ್ಲಿ ನಡೆಯಲೇ ಇಲ್ಲ.

ಬ್ರಿಟನ್ನಿನಲ್ಲಿ ಸಭೆಗಳಿದ್ದವು, ವರದಿಗಾರರು ಕಡಿಮೆಯಾದರು. ಜಾಹೀರಾತು ಅಂತರ್ಜಾಲಕ್ಕೆ ಹೋದ ಮೇಲೆ ಊರಿನ ಪತ್ರಿಕೆಗಳು ಒಂದೊಂದಾಗಿ ಮುಚ್ಚಿದವು. ವೇಲ್ಸ್‌ನ ಉಕ್ಕಿನ ಪಟ್ಟಣ ಪೋರ್ಟ್ ಟಾಲ್ಬಟ್ 2009ರಲ್ಲಿ ತನ್ನ ಗಾರ್ಡಿಯನ್ ವಾರಪತ್ರಿಕೆಯನ್ನು ಕಳೆದುಕೊಂಡಿತು. ಖಾಲಿಯಾದ ಜಾಗವನ್ನು ಕೆಲವೆಡೆ ಕೌನ್ಸಿಲ್‌ಗಳೇ ತುಂಬಿದವು. ಲಂಡನ್ನಿನ ಟವರ್ ಹ್ಯಾಮ್ಲೆಟ್ಸ್ ಕೌನ್ಸಿಲ್ ಈಸ್ಟ್ ಎಂಡ್ ಲೈಫ್ ಎಂಬ ವಾರಪತ್ರಿಕೆಯನ್ನು ಮನೆಮನೆಗೆ ಹಂಚುತ್ತಿತ್ತು. ಸಂಸ್ಥೆ ತನ್ನ ಬಗ್ಗೆ ತಾನೇ ಸುದ್ದಿ ಬರೆದರೆ ಅದರಲ್ಲಿ ಪ್ರಶ್ನೆ ಇರುವುದಿಲ್ಲ. ಕೌನ್ಸಿಲ್‌ಗಳು ವರ್ಷಕ್ಕೆ ನಾಲ್ಕಕ್ಕಿಂತ ಹೆಚ್ಚು ಸಂಚಿಕೆ ತರಬಾರದೆಂದು 2011ರ ಪ್ರಚಾರ ಸಂಹಿತೆ ಹೇಳಿತು, ಈಸ್ಟ್ ಎಂಡ್ ಲೈಫ್ 2016ರಲ್ಲಿ ನಿಂತಿತು. 2018ರಿಂದ ಬಿಬಿಸಿ ತನ್ನ ಪರವಾನಗಿ ಶುಲ್ಕದ ಹಣದಿಂದ ಸ್ಥಳೀಯ ಪತ್ರಿಕೆಗಳಲ್ಲಿ ಕೌನ್ಸಿಲ್ ಸಭೆಗಳಿಗೆಂದೇ ವರದಿಗಾರರನ್ನು ಇಡಿಸಿತು. ಮೊದಲು 150 ಜನ, ಮುಂದೆ 165. ಅವರು ಬರೆದದ್ದನ್ನು ಯೋಜನೆಯಲ್ಲಿ ಸೇರಿದ ಎಲ್ಲ ಮಾಧ್ಯಮಗಳೂ ಬಳಸಬಹುದು. ನೂರಾರು ಕೌನ್ಸಿಲ್‌ಗಳಿರುವ ದೇಶಕ್ಕೆ ಈ ಸಂಖ್ಯೆ ಸಾಲದು, ಆದರೂ ಹಲವು ಸಭಾಂಗಣಗಳ ಪತ್ರಕರ್ತರ ಮೇಜಿಗೆ ಮತ್ತೆ ಜನ ಬಂದರು.

ಹಕ್ಕುಗಳೂ ವಿಸ್ತಾರಗೊಂಡವು. 2014ರ ಆಗಸ್ಟ್‌ನಿಂದ ಇಂಗ್ಲೆಂಡಿನಲ್ಲಿ ಸಭೆಯನ್ನು ಯಾರು ಬೇಕಾದರೂ ಚಿತ್ರೀಕರಿಸಬಹುದು, ಕೂತಲ್ಲಿಂದಲೇ ಟ್ವೀಟ್ ಮಾಡಬಹುದು. 2017ರ ಇನ್ನೊಂದು ಕಾಯ್ದೆಯಿಂದ ಪತ್ರಕರ್ತರು, ತಮ್ಮ ಮತ ಆ ಊರಲ್ಲಿ ಇಲ್ಲದಿದ್ದರೂ, ಕೌನ್ಸಿಲ್‌ನ ವಾರ್ಷಿಕ ಲೆಕ್ಕಪುಸ್ತಕ ತೆರೆಯಿಸಿ ಬಿಲ್ಲುಗಳನ್ನು ನೋಡಬಹುದು. 1835ರಲ್ಲಿ ಒಂದು ಶಿಲ್ಲಿಂಗ್ ಕೊಟ್ಟ ಮತದಾರನಿಗೆ ನಡಾವಳಿ ಪುಸ್ತಕ ಮಾತ್ರ ಕಾಣುತ್ತಿತ್ತು.

ಆದರೆ ಅದೇ 2017ರಲ್ಲಿ ಲಂಡನ್ನಿನಲ್ಲಿ ನಡೆದದ್ದು ಈ ಎಲ್ಲ ಕಾಯ್ದೆಗಳ ಮಿತಿಯನ್ನು ತೋರಿಸಿತು. ಜೂನ್ 14ರಂದು ಮಧ್ಯರಾತ್ರಿ ಕಳೆದ ಮೇಲೆ ಗ್ರೆನ್‌ಫೆಲ್ ಟವರ್ ಎಂಬ 24 ಅಂತಸ್ತಿನ ವಸತಿ ಕಟ್ಟಡಕ್ಕೆ ಬೆಂಕಿ ಬಿದ್ದು 72 ಜನ ಸತ್ತರು. ಕಟ್ಟಡ ಆಗ ಕೆನ್ಸಿಂಗ್ಟನ್ ಮತ್ತು ಚೆಲ್ಸಿ ಕೌನ್ಸಿಲ್‌ಗೆ ಸೇರಿತ್ತು. ಬೆಂಕಿಯ ಅಪಾಯದ ಬಗ್ಗೆ ನಿವಾಸಿಗಳು ವರ್ಷಗಳಿಂದ ಎಚ್ಚರಿಸುತ್ತ ಬಂದಿದ್ದರು. ದುರಂತದ ನಂತರ ಜೂನ್ 29ರಂದು ಕೌನ್ಸಿಲ್‌ನ ಸಂಪುಟ ಸಭೆ ಸೇರಿದಾಗ ಸಾರ್ವಜನಿಕರನ್ನೂ ಪತ್ರಕರ್ತರನ್ನೂ ಬಿಡುವುದಿಲ್ಲ ಎಂದಿತು, ಗದ್ದಲವಾಗುವ ಭಯದ ಕಾರಣ ಕೊಟ್ಟಿತು. ಮಾಧ್ಯಮ ಸಂಸ್ಥೆಗಳು ಹೈಕೋರ್ಟಿಗೆ ಓಡಿ, ಸಭೆ ಶುರುವಾಗುವ ಸ್ವಲ್ಪ ಮುಂಚೆ, ಪತ್ರಕರ್ತರನ್ನು ಬಿಡಬೇಕೆಂಬ ಆದೇಶ ತಂದವು. ವರದಿಗಾರರು ಒಳಗೆ ಬಂದು ಕೂತರು. ಕೌನ್ಸಿಲ್‌ನ ನಾಯಕ ನಿಕೋಲಸ್ ಪ್ಯಾಜೆಟ್-ಬ್ರೌನ್ ಸಿದ್ಧ ಹೇಳಿಕೆ ಓದಿದರು. ಪತ್ರಕರ್ತರ ಎದುರು ಚರ್ಚಿಸಿದರೆ ಮುಂಬರುವ ವಿಚಾರಣೆಗೆ ಧಕ್ಕೆಯಾಗುತ್ತದೆ ಎಂದು ಹೇಳಿ ಸಭೆಯನ್ನೇ ಮುಗಿಸಿಬಿಟ್ಟರು. ವಿರೋಧ ಪಕ್ಷದ ಸದಸ್ಯರು ಪ್ರತಿಭಟಿಸಿದರು, ಉಪಯೋಗವಾಗಲಿಲ್ಲ. ಮರುದಿನ ಪ್ಯಾಜೆಟ್-ಬ್ರೌನ್ ರಾಜೀನಾಮೆ ಕೊಟ್ಟರು. ನ್ಯಾಯಾಲಯ ಬಾಗಿಲು ತೆರೆಸಿತು, ಆದರೆ ಒಳಗಿದ್ದವರನ್ನು ಮಾತಾಡಿಸುವ ಅಧಿಕಾರ ಅದಕ್ಕಿರಲಿಲ್ಲ. ಮನೆಮಠ ಕಳೆದುಕೊಂಡವರ ಪ್ರಶ್ನೆಗಳ ಎದುರು ಎದ್ದುಹೋಗುವುದು ಒಂದು ಪೌರಸಭೆ ಮಾಡಬಹುದಾದ ದೊಡ್ಡ ತಪ್ಪು.

ಕೋವಿಡ್ ಕಾಲದಲ್ಲಿ ಸಭೆಗಳು ಪರದೆಯ ಮೇಲೆ ನಡೆದವು. 2020ರಲ್ಲಿ ಹೊರಡಿಸಿದ ತಾತ್ಕಾಲಿಕ ನಿಯಮಗಳ ಅವಧಿ 2021ರ ಮೇ 7ಕ್ಕೆ ಮುಗಿಯಿತು, ಇಂಗ್ಲೆಂಡಿನ ಸದಸ್ಯರು ಸಭಾಂಗಣಕ್ಕೆ ಮರಳಬೇಕಾಯಿತು. ಚೆಷೈರ್‌ನ ಹ್ಯಾಂಡ್‌ಫರ್ತ್ ಎಂಬ ಪುಟ್ಟ ಊರಿನ ಪ್ಯಾರಿಷ್ ಕೌನ್ಸಿಲ್‌ನ ಜಗಳದ ದೃಶ್ಯವನ್ನು ಈ ನಡುವೆ ಲಕ್ಷಾಂತರ ಜನ ನೋಡಿದ್ದರು. ಸಾಮಾನ್ಯವಾಗಿ ಬೆರಳೆಣಿಕೆಯ ಜನ ಬರುವ ಇಂಥ ಸಭೆಗಳನ್ನು ಮನೆಯಲ್ಲೇ ಕೂತು ನೋಡುವ ಅವಕಾಶ ಜನರಿಗೆ ರುಚಿಸಿತ್ತು. ಹಲವು ಕೌನ್ಸಿಲ್‌ಗಳು ನೇರ ಪ್ರಸಾರವನ್ನು ಮುಂದುವರಿಸಿವೆ.

ಇಂದಿಗೂ ಇಂಗ್ಲೆಂಡ್ ಮತ್ತು ವೇಲ್ಸ್‌ನ ಗ್ರಾಮಮಟ್ಟದ ಕೌನ್ಸಿಲ್‌ಗಳ ಸಭಾಪ್ರವೇಶಕ್ಕೆ ಆಧಾರ 1960ರ ಕಾಯ್ದೆಯೇ, ದೊಡ್ಡ ಕೌನ್ಸಿಲ್‌ಗಳಿಗೆ 1985ರಲ್ಲಿ ಸೇರಿಸಿದ ಕಲಮುಗಳು. ಸಭೆಯ ನೋಟಿಸು ಎಷ್ಟು ದಿನ ಮೊದಲು ಹಾಕಬೇಕು, ಕಾಗದ ಎಲ್ಲಿಡಬೇಕು, ವರದಿಗಾರ ಎಲ್ಲಿ ಕೂರಬೇಕು ಎಂಬುದೆಲ್ಲ ಅವುಗಳಲ್ಲಿ ಇದೆ. ವರದಿಗಾರ ಕೇಳಿದ ಪ್ರಶ್ನೆಗೆ ಉತ್ತರ ಕೊಡಬೇಕೆಂಬ ಕಲಮು ಎರಡರಲ್ಲೂ ಇಲ್ಲ.